ಭಾನುವಾರದ ಲೋಟಗಳು

ಅಮ್ಮ ಲೋಟ ಒರೆಸಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಅದನ್ನು ಹಳೆಯ ಸೇಬಿನ ಪೆಟ್ಟಿಗೆಯಲ್ಲಿ ಬೋರಲಾಗಿ ಜೋಡಿಸುತ್ತಿದ್ದೆ. ಗಾಜಿನದು, ಪಿಂಗಾಣಿಯದು, ಸ್ಟೀಲಿನದು, ಹಿಡಿ ಮುರಿದದ್ದು, ಹೂವಿನ ಚಿತ್ರ ಅರ್ಧ ಅಳಿಸಿದ್ದು, ಯಾವುದಕ್ಕೂ ಜೋಡಿ ಇಲ್ಲ. ಅಮ್ಮ ಪ್ರತಿಯೊಂದರ ಅಂಚನ್ನೂ ಎರಡು ಸಲ ಒರೆಸುತ್ತಿದ್ದಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಅವಳದು. ಬಾಯಿಗೆ ತಾಗುವುದು, ಮೈಗೆ ತಾಗುವುದು ಅಂದರೆ ಅವಳಿಗೆ ಒಂದು ಸಲ ಒರೆಸಿದ್ದು ಒರೆಸಿದ ಹಾಗೇ ಅಲ್ಲ.

ಅದು ಭಾನುವಾರ ಮಧ್ಯಾಹ್ನ. ವಾರದಲ್ಲಿ ಅವಳಿಗೆ ಮಲಗಲು ಸಿಗುತ್ತಿದ್ದ ಒಂದೇ ಮಧ್ಯಾಹ್ನ. ಒಳಕೋಣೆಯಿಂದ ಅಪ್ಪನ ಗೊರಕೆ ಕೇಳುತ್ತಿತ್ತು. ಗೊರಕೆ ಜೋರಾದಾಗ ಅಮ್ಮನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಒರೆಸುತ್ತಿತ್ತು.

ಈ ಲೋಟಗಳು ನಮ್ಮ ಮನೆಗೆ ಬಂದದ್ದು ಅಪ್ಪನ ಒಂದು ಮಾತಿನಿಂದ.

ಅಪ್ಪನದು ಬೀಗ ರಿಪೇರಿ. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಒಂದು ಪೆಟ್ಟಿಗೆ ಅಂಗಡಿ ಇಟ್ಟುಕೊಂಡು ಕೀಲಿಕೈ ಮಾಡಿಕೊಡುತ್ತಾರೆ. ಮಾತು ಕಡಿಮೆ. ಚರ್ಚಿನಲ್ಲಿ ಕೂರುವುದು ಕೊನೆಯ ಬೆಂಚಿನಲ್ಲಿ. ಒಂದು ಭಾನುವಾರ ಆರಾಧನೆಗೆ ಮೊದಲು, ಚರ್ಚಿನ ಹಿಂದಿನ ಉಗ್ರಾಣದ ಬೀಗ ಸರಿಮಾಡಲು ಹೋಗಿದ್ದರು. ಅಲ್ಲಿ ಹಿಂದಿನ ವಾರ ಆರಾಧನೆ ಮುಗಿದ ಮೇಲೆ ಎಲ್ಲರೂ ಟೀ ಕುಡಿದು ಎಸೆದ ಲೋಟಗಳ ರಾಶಿಗೆ ಬೆಂಕಿ ಹಚ್ಚಿದ್ದರಂತೆ. ಕಾಗದದ ಲೋಟ ಅನ್ನುವುದು ಹೆಸರಿಗಷ್ಟೇ, ಒಳಗೆ ಪ್ಲಾಸ್ಟಿಕ್ ಬಳಿದಿರುತ್ತದೆ. ಹೊಗೆ ಕಪ್ಪಗೆ ಎದ್ದು ಪಕ್ಕದಲ್ಲೇ ಇರುವ ಚರ್ಚು ಕಾಯುವವನ ಮನೆಗೆ ನುಗ್ಗುತ್ತಿತ್ತು. ಅವನ ಹೆಂಡತಿ ಕೆಮ್ಮುತ್ತಾ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದಳು.

"ಪ್ರತಿ ವಾರ ಹೀಗೇನಾ?" ಎಂದು ಅಪ್ಪ ಕೇಳಿದರಂತೆ.

"ನೀವೆಲ್ಲ ಟೀ ಕುಡಿಯೋದು ಬಿಟ್ರೆ ನಿಲ್ಲುತ್ತೆ," ಅಂದಳಂತೆ ಅವಳು.

ಅವತ್ತೇ ಪಾದ್ರಿಗಳು ತೋಟದ ಬಗ್ಗೆ ಬೋಧನೆ ಮಾಡಿದರು. ದೇವರು ಮೊದಲ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ನೋಡಿಕೊಳ್ಳುವುದಕ್ಕೆ, ತಿಂದು ಬಿಸಾಡಿ ಹೋಗುವುದಕ್ಕಲ್ಲ ಎಂದರು. ಕೊನೆಗೆ, ಒಂದೊಂದು ಮನೆಯವರು ತಮ್ಮ ಕೈಲಾದ ಒಂದು ಸಣ್ಣ ಕೆಲಸ ಹೇಳಿ ಎಂದು ಕೇಳಿದರು. ಒಬ್ಬರು ಬಟ್ಟೆಯ ಚೀಲ ಹಿಡಿದು ಅಂಗಡಿಗೆ ಹೋಗುತ್ತೇವೆ ಎಂದರು. ಇನ್ನೊಬ್ಬರು ಬೇಡದ ದೀಪ ಆರಿಸುತ್ತೇವೆ ಎಂದರು. ಹಾಡಿನ ತಂಡದ ಮೇಷ್ಟ್ರು ಒಂದು ಗಿಡ ನೆಡುತ್ತೇನೆ ಎಂದರು. ಅವರು ಅದನ್ನು ಹೋದ ವರ್ಷವೂ ಹೇಳಿದ್ದರು. ಆಗ ಕೊನೆಯ ಬೆಂಚಿನಲ್ಲಿ ಅಪ್ಪ ಎದ್ದು ನಿಂತರು.

"ಟೀಗೆ ಕಾಗದದ ಲೋಟ ಬೇಡ. ಎಲ್ಲರ ಮನೇಲೂ ಹಳೇ ಲೋಟ ಇರುತ್ತೆ, ಕೊಡಿ. ತೊಳೆಯೋದು ನಮ್ಮ ಮನೆಯವರು ನೋಡ್ಕೋತೀವಿ."

ಜನ ಚಪ್ಪಾಳೆ ತಟ್ಟಿದರು. ಅಪ್ಪನ ಕಿವಿ ಕೆಂಪಾಯಿತು. ಅಮ್ಮ ಮಾತ್ರ ಅವರ ಮುಖವನ್ನೇ ನೋಡುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿದಳು, "ನಮ್ಮ ಮನೆಯವರು ಅಂದ್ರೆ ಯಾರ್ರೀ?"

"ನಾವೆಲ್ಲ."

"ನೀವು ಕೊನೇ ಸಲ ಲೋಟ ತೊಳೆದಿದ್ದು ಯಾವಾಗ?"

ಅಪ್ಪ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. "ಇವನು ಹುಟ್ಟಿದಾಗ," ಎಂದು ಅಣ್ಣನನ್ನು ತೋರಿಸಿದರು.

ಅಣ್ಣನಿಗೆ ಬೇರೆಯೇ ಸಿಟ್ಟು. ಅವನು ಕೆಲಸ ಮಾಡುವ ಅಂಗಡಿ ಕಾಗದದ ತಟ್ಟೆ, ಲೋಟ ಮಾರುವ ಅಂಗಡಿ. ಚರ್ಚಿಗೆ ಮಾಲು ಹೋಗುತ್ತಿದ್ದುದೂ ಅಲ್ಲಿಂದಲೇ. "ಅಪ್ಪಾ, ಪ್ರಪಂಚದಲ್ಲಿ ಬೇರೇನೂ ಕಸ ಸಿಗ್ಲಿಲ್ವಾ ನಿಮಗೆ? ನಾಳೆ ಸಾಹುಕಾರ ನನ್ನ ತಲೆ ತಿಂತಾನೆ."

"ನೀನು ಬೇರೆ ಕಡೆ ಮಾರ್ಕೋ."

"ಮಾರೋನು ನಾನಲ್ಲ, ಹೊರೋನು ನಾನು."

ಖುಷಿಯಾದದ್ದು ಅಜ್ಜಿಗೆ ಮಾತ್ರ. ಅಪ್ಪನ ತಾಯಿ ಅವಳು. ಯಾವುದನ್ನೂ ಎಸೆದು ಗೊತ್ತಿಲ್ಲದ ಜೀವ. ಹಾಲಿನ ಕವರನ್ನು ತೊಳೆದು ತಂತಿಗೆ ಸಿಕ್ಕಿಸುತ್ತಿದ್ದಳು, ಒಣಗಿದ ರೊಟ್ಟಿ ಚೂರನ್ನು ಡಬ್ಬಿಯಲ್ಲಿಟ್ಟು ಮಾರನೆಯ ದಿನ ಬೇಳೆಗೆ ಹಾಕುತ್ತಿದ್ದಳು, ಪಾತ್ರೆ ತೊಳೆದ ನೀರನ್ನು ಹಿತ್ತಲಲ್ಲಿ ಬಣ್ಣದ ಡಬ್ಬಿಗಳಲ್ಲಿ ಬೆಳೆಸಿದ ಪುದೀನಕ್ಕೆ ಹಾಕುತ್ತಿದ್ದಳು. "ನಮ್ಮ ಸ್ವಾಮಿ ಅಷ್ಟು ಜನಕ್ಕೆ ಊಟ ಹಾಕಿ, ಮಿಕ್ಕ ಚೂರನ್ನೂ ಬುಟ್ಟಿಗೆ ತುಂಬಿಸ್ಲಿಲ್ವೇನೇ? ಅವನಿಗಿಂತ ನಾವು ದೊಡ್ಡೋರಾ?" ಎಂದಳು.

"ತುಂಬಿಸಿದ್ದು ಗೊತ್ತು ಅತ್ತೆ. ಆಮೇಲೆ ಆ ಬುಟ್ಟಿ ತೊಳೆದೋರು ಯಾರು ಅಂತ ಯಾರೂ ಬರೆದಿಲ್ಲ ನೋಡಿ," ಎಂದಳು ಅಮ್ಮ.

ಅಜ್ಜಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೊದಲ ವಾರಗಳು ಚೆನ್ನಾಗಿಯೇ ಹೋದವು. ಚರ್ಚಿನ ಅಂಗಳದಲ್ಲಿ ಜನ ತಮ್ಮ ತಮ್ಮ ಮನೆಯ ಹಳೆಯ ಲೋಟ ಗುರುತು ಹಿಡಿದು ನಗುತ್ತಿದ್ದರು. "ಅಯ್ಯೋ, ಇದು ನಮ್ಮತ್ತೆ ಕಾಲದ್ದು, ಇದರಲ್ಲಿ ನೀವು ಕುಡೀತಿದೀರಾ?" ಎಂದು ಒಬ್ಬರು ಇನ್ನೊಬ್ಬರ ಕೈಯಿಂದ ಕಿತ್ತುಕೊಳ್ಳುವುದೂ ನಡೆಯಿತು. ಉಗ್ರಾಣದ ಹಿಂದೆ ಬೆಂಕಿ ನಿಂತಿತು. ಅಪ್ಪನನ್ನು ಎಲ್ಲರೂ 'ಲೋಟದಣ್ಣ' ಎಂದು ಕರೆಯತೊಡಗಿದರು. ಮೊದಲೆಲ್ಲ ಅವರನ್ನು ಯಾರೂ ಏನೂ ಕರೆಯುತ್ತಿರಲಿಲ್ಲ. ಅವರು ತಲೆ ಎತ್ತಿ ನಡೆಯುವುದನ್ನು ನೋಡಿದರೆ ನನಗೂ ಸಂತೋಷವಾಗುತ್ತಿತ್ತು.

ಚರ್ಚಿನ ಉಗ್ರಾಣದಲ್ಲಿ ಇಲಿ ಕಾಟ. ಅದಕ್ಕೆ ಟೀ ಮುಗಿದ ಮೇಲೆ ಲೋಟಗಳನ್ನು ಅಪ್ಪ ಕೈಗಾಡಿಯಲ್ಲಿ ಮನೆಗೇ ತರುತ್ತಿದ್ದರು. ತಂದು, ಊಟ ಮಾಡಿ, ಮಲಗುತ್ತಿದ್ದರು. ತೊಳೆಯುವುದು ಅಮ್ಮ, ಒರೆಸುವುದು ನಾವಿಬ್ಬರು. ಶನಿವಾರ ಸಂಜೆ ಧೂಳು ಹೋಗಲೆಂದು ಇನ್ನೊಂದು ಸಲ.

ಅಲ್ಲಿಗೆ ನಿಲ್ಲಲಿಲ್ಲ. ಚಪ್ಪಾಳೆ ಕೇಳಿ ಬಂದ ಮೇಲೆ ಅಪ್ಪನಿಗೆ ದಿನಕ್ಕೊಂದು ಹೊಳೆಯುತ್ತಿತ್ತು. ಪ್ಯಾಕೆಟ್ಟಿನ ಸೋಪುಪುಡಿ ಬೇಡ, ಸೋಪನ್ನು ತುರಿದುಕೊಳ್ಳೋಣ. ಸಿಪ್ಪೆಯನ್ನೆಲ್ಲ ಹಿತ್ತಲಲ್ಲಿ ಗುಂಡಿ ತೋಡಿ ಹಾಕೋಣ. ಹಳೆಯ ಅಂಗಿಯನ್ನು ಹರಿದು ಒರೆಸುವ ಬಟ್ಟೆ ಹೊಲಿಯೋಣ. ಎಲ್ಲವೂ ಒಳ್ಳೆಯದೇ. ಆದರೆ ಅಪ್ಪ ಒಂದೊಂದು ಒಳ್ಳೆಯದು ಹೇಳಿದಾಗಲೂ ನಮ್ಮ ಕೈಗೆ ಒಂದೊಂದು ಕೆಲಸ ಬರುತ್ತಿತ್ತು. ಗುಂಡಿಯನ್ನು ನಾನು ತೋಡಿದೆ. ಸೋಪನ್ನು ಅಮ್ಮ ತುರಿದಳು.

ಅವಳ ಬೆರಳ ತುದಿಗಳು ಬಿರಿಯತೊಡಗಿದ್ದು ಆಗಲೇ. ಆಸ್ಪತ್ರೆಯಲ್ಲಿ ದಿನವಿಡೀ ಬಿಸಿನೀರು, ಸೋಡಾ. ಮನೆಯಲ್ಲಿ ಇದು. ಮಲಗುವ ಮುಂಚೆ ಚಿಕ್ಕ ಡಬ್ಬಿಯಿಂದ ಮುಲಾಮು ತೆಗೆದು ಬೆರಳಿಗೆ ಬಳಿದುಕೊಳ್ಳುತ್ತಿದ್ದಳು.

"ತೋರ್ಸಮ್ಮಾ," ಎಂದೆ ಒಂದು ದಿನ.

"ಏನಿದೆ ತೋರ್ಸೋಕೆ? ಕೈ ಇದ್ದೋರಿಗೆಲ್ಲ ಆಗುತ್ತೆ."

ಒಂದು ಶನಿವಾರ ಅವಳು ಸಂಜೆಪಾಳಿ ಮುಗಿಸಿ ಬಂದು ಪೆಟ್ಟಿಗೆ ತೆರೆದು ನೋಡಿದಳು. ಹಿಂದಿನ ಭಾನುವಾರ ಬೆರಳುರಿಗೆ ಬೇಗ ಬೇಗ ತೊಳೆದಿಟ್ಟ ಕೆಲವು ಲೋಟಗಳ ತಳದಲ್ಲಿ ಟೀ ಕಲೆ ಕಂದಾಗಿ ಕೂತಿತ್ತು. ಒಂದರ ಅಂಚಿನಲ್ಲಿ ಯಾರದೋ ತುಟಿಯ ಬಣ್ಣ ಹಾಗೇ ಇತ್ತು. ಅವಳ ಮುಖ ಸಣ್ಣದಾಯಿತು. "ಇದನ್ನ ನಾನು ತೊಳೆದಿದ್ದು ಅಂತ ಹೇಳ್ಕೊಳ್ಳೋದಾ?" ಎಂದು ಅಂಗಡಿಯಿಂದ ಬ್ಲೀಚಿಂಗ್ ಪುಡಿ ತರಿಸಿ, ಆಸ್ಪತ್ರೆಯ ಹಾಸಿಗೆ ಬಟ್ಟೆಗೆ ಹಾಕುವ ಅಳತೆಯಲ್ಲೇ ತೊಟ್ಟಿಗೆ ಸುರಿದು ಲೋಟಗಳನ್ನು ಮುಳುಗಿಸಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, "ಅತ್ತೆ, ನಂಗಾಗಲ್ಲ, ಸ್ವಲ್ಪ ಮಲಗ್ತೀನಿ. ನೀವು ಮೂರು ನೀರು ಹಾಕಿ ತೆಗೀರಿ," ಎಂದಳು.

ಅವತ್ತು ನಲ್ಲಿಯಲ್ಲಿ ನೀರು ದಾರದ ಹಾಗೆ ಬರುತ್ತಿತ್ತು. ಮೂರು ನೀರು ಎನ್ನುವ ಮಾತು ಅಜ್ಜಿಯ ಕಿವಿಗೆ ಹೋಯಿತು, ಮನಸ್ಸಿಗೆ ಹೋಗಲಿಲ್ಲ. ಅವಳ ಲೆಕ್ಕದಲ್ಲಿ ಒಂದು ನೀರು ಅಂದರೆ ಧಾರಾಳ. ಅದರಲ್ಲೇ ಎಲ್ಲವನ್ನೂ ಅದ್ದಿ ತೆಗೆದಳು. ಕತ್ತಲಾಗಿತ್ತು, ಒರೆಸುವ ಬಟ್ಟೆ ಒಣಗಿರಲಿಲ್ಲ, ಹಸಿಯಾಗಿಯೇ ಪೆಟ್ಟಿಗೆಗೆ ತುಂಬಿ ಮುಚ್ಚಿಟ್ಟಳು. ತೊಟ್ಟಿಯ ನೀರನ್ನು, ಹಾಳಾಗಬಾರದೆಂದು, ಹೊತ್ತು ತಂದು ಪುದೀನಕ್ಕೆ ಹಾಕಿದಳು.

ಮಾರನೆಯ ದಿನ ಚರ್ಚಿನ ಅಂಗಳದಲ್ಲಿ ಮೊದಲ ಗುಟುಕು ಕುಡಿದವರು ಹಾಡಿನ ಮೇಷ್ಟ್ರು. ಅವರ ಮುಖ ಹಿಂಡಿದ ಬಟ್ಟೆಯಂತಾಯಿತು.

"ಏನಮ್ಮಾ ಇದು! ಟೀ ಕೊಟ್ರಾ, ಇಲ್ಲಾ ವಾರ್ಡಿಗೆ ಸೇರಿಸ್ಕೊಂಡ್ರಾ?"

ಒಂದಿಬ್ಬರು ನಕ್ಕರು. ಆಮೇಲೆ ಅವರೂ ಕುಡಿದರು, ನಗು ನಿಂತಿತು. ಒಬ್ಬ ಹೆಂಗಸು ಮಗುವಿನ ಬಾಯಿ ತೊಳೆಸಲು ನಲ್ಲಿಯ ಹತ್ತಿರ ಓಡಿದಳು. ಅಮ್ಮ ಒಂದು ಲೋಟ ಎತ್ತಿ ಮೂಸಿದಳು. ಅಜ್ಜಿಯ ಕಡೆ ನೋಡಿದಳು. ಅಜ್ಜಿ ಗೋಪುರದ ಕಡೆ ನೋಡಿದಳು.

ಚರ್ಚಿನ ಲೆಕ್ಕ ನೋಡುವವರು ಅಪ್ಪನ ಹೆಗಲ ಮೇಲೆ ಕೈಯಿಟ್ಟರು. "ಒಳ್ಳೇ ಮನಸ್ಸಿಂದ ಮಾಡಿದ್ರಿ, ಇಲ್ಲ ಅನ್ನಲ್ಲ. ಆದ್ರೂ ಮುಂದಿನ ವಾರಕ್ಕೆ ಕಾಗದದ್ದೇ ತರಿಸೋಣ. ಜನ ಹೆದ್ರಿದಾರೆ." ಆಮೇಲೆ ಅಣ್ಣನ ಕಡೆ ತಿರುಗಿ, "ನಿಮ್ಮ ಅಂಗಡೀಲಿ ಇದೆಯಲ್ಲಪ್ಪಾ?" ಎಂದರು.

ಅಣ್ಣ ಅಪ್ಪನನ್ನು ನೋಡದೆ, "ಇದೆ," ಎಂದ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ತಟ್ಟೆ ಮುಟ್ಟಲಿಲ್ಲ. "ಅಷ್ಟು ಜನರ ಮುಂದೆ ನನ್ನ ಮಾನ ಕಳೆದ್ರಿ. ಒಂದು ಲೋಟ ತೊಳೆಯೋಕೆ ಬರಲ್ವಾ ಈ ಮನೇಲಿ?"

ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಪುಡಿ ಹಾಕಿದ್ದು ನಾನು. ನೀರು ಉಳಿಸಿದ್ದು ನಿಮ್ಮಮ್ಮ. ಮಾತು ಕೊಟ್ಟಿದ್ದು ನೀವು. ಮೂರು ಜನ ಸೇರಿ ಮಾಡಿದ್ವಿ, ಮಾನ ಮಾತ್ರ ನಿಮ್ಮೊಬ್ರದ್ದೇನು?"

"ದೇವರ ಕೆಲಸ ಅಂತ ಮಾಡಿದೆ ನಾನು."

"ದೇವರ ಕೆಲಸ, ನನ್ನ ಭಾನುವಾರ."

"ಸಾಕು, ಅನ್ನ ಆರುತ್ತೆ," ಎಂದಳು ಅಜ್ಜಿ.

"ಆರ್ಲಿ ಅತ್ತೆ. ನಾಳೆ ಬಿಸಿ ಮಾಡೋಣ. ಏನೂ ಹಾಳಾಗಬಾರ್ದಲ್ಲ ಈ ಮನೇಲಿ, ನಾನೊಬ್ಬಳನ್ನ ಬಿಟ್ಟು."

ಅಣ್ಣ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ನಿಂತು ತಿಂದ.

ಆ ವಾರ ಪುದೀನ ಹಳದಿಯಾಯಿತು. ಅಜ್ಜಿ ಬಣ್ಣದ ಡಬ್ಬಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಸತ್ತ ಎಲೆಗಳನ್ನು ಒಂದೊಂದಾಗಿ ಕಿತ್ತಳು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಬೇರು ಇನ್ನೂ ಇದೆ ಕಣೇ," ಎಂದಳು ಅಜ್ಜಿ, ತಿರುಗಿ ನೋಡದೆ. "ನಾನು ನಿನ್ನ ಮಾತು ಕೇಳ್ಬೇಕಿತ್ತು." ಅಮ್ಮ ಹೋಗಿ ಒಂದು ಚೊಂಬು ಒಳ್ಳೆಯ ನೀರು ತಂದು ಡಬ್ಬಿಗೆ ಸುರಿದಳು.

ಎರಡು ದಿನ ಬಿಟ್ಟು ಅವಳು ಕೆಲಸಕ್ಕೆ ಹೋದವಳು ಹೋದ ಹಾಗೇ ವಾಪಸ್ಸು ಬಂದಳು. ಬ್ಲೀಚಿಂಗ್ ನೀರು ಬಿರುಕುಗಳಿಗೆ ಇಳಿದು ಬೆರಳುಗಳು ಬಾಯಿ ತೆರೆದಿದ್ದವು. ಒಗೆಯುವ ಕೋಣೆಯ ಮೇಲ್ವಿಚಾರಕಿ ನೋಡಿ, ಗಾಯದ ಕೈಯಲ್ಲಿ ರೋಗಿಗಳ ಬಟ್ಟೆ ಮುಟ್ಟುವ ಹಾಗಿಲ್ಲ, ವಾಸಿಯಾದ ಮೇಲೆ ಬಾ ಎಂದಿದ್ದಳು. ತಡವಾದರೆ ಬೇರೆಯವರನ್ನು ಹಾಕಿಕೊಳ್ಳಬೇಕಾಗುತ್ತದೆ ಎಂದೂ ಹೇಳಿದ್ದಳು.

"ನಿಮ್ಮಪ್ಪನಿಗೆ ಹೇಳ್ಬೇಡ. ಮೊದಲೇ ಮುಖ ಊದಿಸ್ಕೊಂಡಿದಾರೆ," ಎಂದಳು ನನಗೆ.

ಅಪ್ಪ ಬೆಳಿಗ್ಗೆ ಬೇಗ ಹೋಗಿ ರಾತ್ರಿ ಬರುವವರು. ಅವರಿಗೆ ಗೊತ್ತಾಗಲಿಲ್ಲ. ಹೋಗದ ದಿನಕ್ಕೆ ಅಮ್ಮನಿಗೆ ಕೂಲಿ ಇಲ್ಲ, ಮೊಟ್ಟೆ ತರುವುದು ನಿಂತಿತು. ಅಜ್ಜಿಯ ರೊಟ್ಟಿ ಚೂರಿನ ಡಬ್ಬಿ ಬೇಗ ಬೇಗ ಖಾಲಿಯಾಗತೊಡಗಿತು. ಬೇಳೆ ತೆಳ್ಳಗಾದದ್ದನ್ನು ಅಪ್ಪ ಗಮನಿಸಿ, ತನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡರೋ ಏನೋ, ಸುಮ್ಮನೆ ಉಂಡು ಏಳುತ್ತಿದ್ದರು.

ಶುಕ್ರವಾರ ಸಂಜೆ ನಾನೂ ಅಜ್ಜಿಯೂ ಹಾಲು ತರಲು ಹೋಗಿದ್ದೆವು. ಬಂದು ನೋಡಿದರೆ ಅಮ್ಮ ರೊಟ್ಟಿಯ ಚೀಲ ಹಿಡಿದು ಹೊಸ್ತಿಲ ಮೇಲೆ ಕೂತಿದ್ದಳು. ಅಪ್ಪ ಅವತ್ತು ಬೇಗ ಬಂದವರು ಅವಳ ಮುಂದೆ ನಿಂತಿದ್ದರು.

"ಕೀಲಿಕೈ ಕೈಯಲ್ಲೇ ಇದೆ, ಹೊರಗೆ ಯಾಕೆ ಕೂತಿದೀಯ?"

"ಬೀಗ ಬಿಗಿ. ತಿರುಗ್ತಿಲ್ಲ."

ಅಪ್ಪನಿಗೆ ಇದು ಬೇರೆ ಮಾತು. ಇಡೀ ಊರಿನ ಬೀಗ ಬಿಚ್ಚುವವರ ಮನೆಯ ಬೀಗವೇ ಬಿಗಿ ಅಂದರೆ ಏನರ್ಥ? ಒಳಗೆ ಬಂದು ಬೀಗವನ್ನು ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ ಬಿಚ್ಚಿದರು. ಸ್ಪ್ರಿಂಗು ತೆಗೆದು ನೋಡಿದರು. ಊದಿದರು. ಎಣ್ಣೆ ಬಿಟ್ಟು ಮತ್ತೆ ಕೂರಿಸಿದರು. ಕೀಲಿಕೈ ಹಾಕಿ ಎರಡು ಬೆರಳಲ್ಲಿ ತಿರುಗಿಸಿದರು.

"ಬೆಣ್ಣೆ ಥರ ತಿರುಗುತ್ತೆ ಇದು. ಮೊದಲೂ ಏನೂ ಆಗಿರ್ಲಿಲ್ಲ. ತಗೋ, ನೀನು ತಿರುಗಿಸು."

"ಬಿಡಿ, ಸರಿಯಾಯ್ತಲ್ಲ."

"ತಿರುಗಿಸೇ, ನೋಡ್ತೀನಿ. ಹೇಗೆ ಹಿಡೀತೀಯ ಅಂತ."

ಅಮ್ಮ ಕೀಲಿಕೈ ಹಿಡಿದಳು. ಹೆಬ್ಬೆರಳು ಒತ್ತಿದಳು. ಬಿರುಕು ತೆರೆದು ಕೀಲಿಕೈಯ ಮೇಲೆ ಸಣ್ಣಗೆ ಕೆಂಪು ಹತ್ತಿತು. ಅವಳು ಕೈ ಬಿಟ್ಟುಬಿಟ್ಟಳು.

ಅಪ್ಪ ಬಹಳ ಹೊತ್ತು ಕೀಲಿಕೈಯನ್ನೇ ನೋಡಿದರು.

"ಯಾವಾಗಿಂದ?"

ಹೇಳಿದ್ದು ಅಜ್ಜಿ. "ಕೆಲಸಕ್ಕೆ ಬರ್ಬೇಡ ಅಂದಿದಾರೆ ಕಣೋ. ವಾಸಿಯಾಗದಿದ್ರೆ ಇನ್ನು ಬರೋದೇ ಬೇಡ ಅಂತಾರೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಬೀಗ ಕೇಳ್ದೆ. ಬೇಳೆ ಕೇಳ್ದೆ." ಅಜ್ಜಿ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟಳು. "ನಮ್ಮ ಸ್ವಾಮಿ ಶಿಷ್ಯರ ಕಾಲು ತೊಳೀಬೇಕಾದಾಗ ತಾನೇ ಸೊಂಟಕ್ಕೆ ಬಟ್ಟೆ ಸುತ್ಕೊಂಡು ಬಗ್ಗಿದ ಮಗಾ. ಮಾತು ತಾನು ಕೊಟ್ಟು, ತಾಯಿ ಕೈಲಿ ತೊಳೆಸ್ಲಿಲ್ಲ."

ಅಪ್ಪ ಬೀಗ ಬಿಚ್ಚುವ ಸಾಮಾನುಗಳನ್ನು ಬಟ್ಟೆಯಲ್ಲಿ ಕಟ್ಟಿದರು. ಶನಿವಾರ ಅಪ್ಪ ಅಂಗಡಿ ಅರ್ಧಕ್ಕೇ ಮುಚ್ಚಿ ಬಂದು, ಎಲ್ಲ ಲೋಟಗಳನ್ನೂ ತೊಳೆದು ಪೆಟ್ಟಿಗೆಗೆ ತುಂಬಿದರು. ಎಷ್ಟು ನೀರು ಹಾಕಿದರು ಎಂದು ಅಜ್ಜಿ ಎಣಿಸಿದಳು, ಆದರೆ ತುಟಿ ಬಿಚ್ಚಲಿಲ್ಲ.

ಭಾನುವಾರ ಅಮ್ಮ ಚರ್ಚಿಗೆ ಹೋಗಲಿಲ್ಲ, ಅಜ್ಜಿಯೂ ಅವಳ ಜೊತೆ ಉಳಿದಳು. ನಾನು ಅಪ್ಪನ ಜೊತೆ ಹೊರಟಾಗ ಅಮ್ಮ, "ಕೂತ್ಕೋ," ಎಂದಳು. ಕೂತೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಒಬ್ಬರೇ ಕೈಗಾಡಿ ತಳ್ಳಿಕೊಂಡು ಹೋದರು.

ಮಧ್ಯಾಹ್ನ ಮೊದಲು ಬಂದವನು ಅಣ್ಣ. ಕಾಗದದ ಲೋಟಗಳನ್ನು ಚರ್ಚಿಗೆ ತಲುಪಿಸಿ ಬಂದಿದ್ದ. ನಿಂತುಕೊಂಡೇ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ.

"ಏನಾಯ್ತೋ?" ಎಂದಳು ಅಜ್ಜಿ.

"ಒಂದು ಕಡೆ ನನ್ನ ಲೋಟ, ಇನ್ನೊಂದು ಕಡೆ ಅಪ್ಪನ ಲೋಟ. ಕಾಯೋನ ಹೆಂಡ್ತಿ ಮೊದಲು ಅಪ್ಪನ್ದು ತಗೊಂಡ್ಳು. ಆಮೇಲೆ ಪಾದ್ರಿಗಳು. ಹಾಡಿನ ಮೇಷ್ಟ್ರು ನಾಯಿ ಥರ ಮೂಸಿ ನೋಡಿ ತಗೊಂಡ್ರು. ಅರ್ಧಕ್ಕರ್ಧ ಜನ ಕಾಗದದ್ದೇ."

"ಈಗ ಎಲ್ಲಿದಾನೆ?"

"ಅಲ್ಲೇ, ಅಂಗಳದ ನಲ್ಲಿ ಹತ್ರ. ಅಂಗಿ ತೋಳು ಮಡಿಸ್ಕೊಂಡು ತೊಳೀತಾ ಇದಾರೆ. ಎಂಜಲು ಲೋಟ ಮನೆಗೆ ತರಲ್ವಂತೆ."

ಅಮ್ಮ ಹಾಸಿಗೆಯ ಮೇಲೆ ಎದ್ದು ಕೂತಳು. "ಯಾರಾದ್ರೂ ಕೈ ಹಾಕಿದ್ರಾ?"

"ಎಲ್ಲರೂ ಹೊಗಳಿದ್ರು."

"ನೀನು?"

ಅಣ್ಣ ಕೈಯಲ್ಲಿದ್ದ ರೊಟ್ಟಿ ನೋಡಿದ. "ನಂಗೆ ಇನ್ನೊಂದು ಕಡೆ ಮಾಲು ಕೊಡೋದಿತ್ತು."

ಅಪ್ಪ ಬಂದಾಗ ಬಿಸಿಲು ಇಳಿದಿತ್ತು. ಅಂಗಿ ಮೊಣಕೈವರೆಗೆ ಒದ್ದೆ, ಮಂಡಿಯ ಹತ್ತಿರ ಕೆಸರು. ಕರವಸ್ತ್ರ ಬಿಚ್ಚಿ ಮೇಜಿನ ಮೇಲಿಟ್ಟರು. ಒಡೆದ ಲೋಟದ ಚೂರುಗಳು. "ಜಾರಿಬಿಡ್ತು," ಎಂದರು, ಯಾರಿಗೂ ಅಲ್ಲದ ಹಾಗೆ.

ಅಣ್ಣ ಬಾಯಿಗೆ ಹಾಕಿಕೊಂಡ ಆ ರೊಟ್ಟಿ ಬಿಟ್ಟರೆ ನಾವು ಯಾರೂ ಉಂಡಿರಲಿಲ್ಲ. ಅಮ್ಮ ಕಾಯೋಣ ಎಂದಿದ್ದಳು. ಎಲ್ಲರೂ ಮೇಜಿನ ಸುತ್ತ ಕೂತೆವು. ಊಟದ ಪ್ರಾರ್ಥನೆ ಯಾವಾಗಲೂ ಅಪ್ಪನದೇ. ಅವತ್ತು ಕಣ್ಣು ಮುಚ್ಚಿ, "ಸ್ವಾಮಿ, ಈ ಊಟಕ್ಕೂ ಇದನ್ನ ಮಾಡಿದ ಕೈಗಳಿಗೂ," ಎಂದವರು ಅಲ್ಲೇ ನಿಂತರು. ಸ್ವಲ್ಪ ಹೊತ್ತು ಕಾದು ಅಜ್ಜಿ "ಆಮೆನ್" ಅಂದಳು.

ಅವರ ಬೆರಳುಗಳು ನೀರಲ್ಲಿ ನೆನೆದು ಸುಕ್ಕಾಗಿದ್ದವು. ಹೆಬ್ಬೆರಳಿನ ಪಕ್ಕ ಗಾಜು ಕೊಯ್ದಿತ್ತು. ರೊಟ್ಟಿಯನ್ನು ಸಾರಿನಲ್ಲಿ ಅದ್ದಿದಾಗ ಉರಿಯಿತೇನೋ, ಕೈ ಹಿಂದೆಳೆದುಕೊಂಡರು. ಅಮ್ಮ ಎದ್ದು ಹೋಗಿ ಮುಲಾಮಿನ ಡಬ್ಬಿ ತಂದು ಅವರ ತಟ್ಟೆಯ ಪಕ್ಕಕ್ಕೆ ತಳ್ಳಿದಳು. ಅಪ್ಪ ಮುಚ್ಚಳ ತಿರುಗಿಸಿ ತೆಗೆದು, ಸ್ವಲ್ಪ ಬಳಿದುಕೊಂಡು, ಡಬ್ಬಿಯನ್ನು ಅವಳ ಕಡೆಗೆ ಸರಿಸಿದರು. ಮುಚ್ಚಳ ಹಾಕಲಿಲ್ಲ.

"ಕೊನೇ ನೀರನ್ನ ಕಾಯೋರ ಮನೆ ಮುಂದಿನ ಗಿಡಕ್ಕೆ ಹಾಕ್ದೆ. ಪುಡಿಗಿಡಿ ಏನೂ ಹಾಕಿರ್ಲಿಲ್ಲ," ಎಂದರು ಅಜ್ಜಿಗೆ.

"ಹೂಂ," ಎಂದಳು ಅಜ್ಜಿ.

"ಬಿಟ್ಬಿಡಿ ಅಪ್ಪಾ ಇದನ್ನ. ಯಾರಿಗೆ ಬೇಕಾಗಿದೆ?" ಎಂದ ಅಣ್ಣ.

"ಹಿಂದುಗಡೆ ಹೋಗಿ ನೋಡ್ದೆ ಕಣೋ ಇವತ್ತು. ರಾಶಿ ಅರ್ಧ ಆಗಿದೆ. ಅರ್ಧ ಹೊಗೆ." ಅಪ್ಪ ರೊಟ್ಟಿ ಮುರಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಬೀಗ ತಂದವರು ಕೀಲಿಕೈ ಕಳೆದುಹೋಗಿದೆ ಎಂದು ಹೇಳುವಾಗ ಇರುವಂಥ ಮುಖ ಅವರದಾಗಿತ್ತು.

"ತೊಳೆಯೋದು ನಾನೇ ತೊಳೀತೀನಿ," ಎಂದರು. "ಕೈಗಾಡಿ ಇಳಿಜಾರಲ್ಲಿ ಒಬ್ಬನಿಗೆ ನಿಲ್ಲಲ್ಲ. ಒರೆಸೋಕೂ ಇನ್ನೊಂದು ಕೈ ಬೇಕು. ಬರೋ ಭಾನುವಾರ ನನ್ನ ಜೊತೆ ಒಬ್ರು ಬರ್ತೀರಾ, ಯಾರಾದ್ರೂ?"

ಅಮ್ಮ ತೆರೆದ ಡಬ್ಬಿಯೊಳಗೆ ನೋಡುತ್ತಿದ್ದಳು. ಅಜ್ಜಿ ಮೇಜಿನ ಮೇಲೆ ಬಿದ್ದ ರೊಟ್ಟಿಯ ಪುಡಿಯನ್ನು ಅಂಗೈಗೆ ಗುಡಿಸಿಕೊಳ್ಳುತ್ತಿದ್ದಳು. ಅಣ್ಣ ನೀರು ಕುಡಿಯುತ್ತಿದ್ದ. ಕುಡಿದು ಮುಗಿದ ಮೇಲೂ ಲೋಟವನ್ನು ಬಾಯಿಂದ ತೆಗೆಯಲಿಲ್ಲ.